ಅಟ್ಟದ ಮೇಲಿನ ಕಾಯಿ

ಮೊನ್ನೆ ಅಂಗಡಿಯಲ್ಲಿ ಒಂದು ಗಿಟುಕು ಕೊಬ್ಬರಿಯನ್ನು ಹೋಳು ಮಾಡಿಸಿ ಮೂಸಿ ನೋಡಿದೆ. ಮೂಸದೆ ಕೊಬ್ಬರಿ ಕೊಳ್ಳುವವರು ಕಡೂರಿನ ಕಡೆಯವರೇ ಅಲ್ಲ. ಆ ಎಣ್ಣೆಯ ಸಿಹಿವಾಸನೆ, ಅದರ ಬೆನ್ನಿಗೇ ಸಣ್ಣಗೆ ಹೊಗೆ... ಅಂಗಡಿಯವನು ಎಷ್ಟು ಕೊಡಲಿ ಎಂದು ಕೇಳುತ್ತಲೇ ಇದ್ದನಂತೆ. ನಾನು ಮಾತ್ರ ನಮ್ಮ ಎದುರುಮನೆ ಅಕ್ಕನ ಅಡಿಗೆಮನೆಯಲ್ಲಿ ನಿಂತಿದ್ದೆ.

ಎಪ್ಪತ್ತರ ದಶಕದ ಮಾತು. ಎದುರುಮನೆಯವರದು ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಅಡಿಗೆಮನೆಯ ಮೇಲೊಂದು ಅಟ್ಟ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಲ್ಲಿಗೆ ಏರಿಸಿದರೆ ಮತ್ತೆ ಇಳಿಸುವುದು ವರುಷ ಕಳೆದ ಮೇಲೆ. ಒಲೆಯ ಹೊಗೆಗೆ ಒಳಗಿನ ನೀರು ನಿಧಾನವಾಗಿ ಬತ್ತಬೇಕು, ತಿರುಳು ಒಣಗಿ ಚಿಪ್ಪು ಬಿಡಬೇಕು. ಅಲುಗಿಸಿದಾಗ ಒಳಗೆ ಗಟಗಟ ಎಂದರೆ ಕೊಬ್ಬರಿ ಆಯಿತೆಂದು ಅರ್ಥ. ಎಳೆನೀರಿಗಿಂತ, ಕಾಯಿಗಿಂತ ಅದಕ್ಕೇ ಬೆಲೆ.

ಆ ಅಟ್ಟದ ಕೆಳಗೆ ಅಕ್ಕ ಅಡಿಗೆ ಮಾಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸು ಮಾಡಿದ್ದಳು. ಟೀಚರ್ ಟ್ರೈನಿಂಗಿಗೆ ಹೋಗಿ ಮೇಡಂ ಆಗಬೇಕೆನ್ನುವುದೊಂದೇ ಅವಳ ಆಸೆ. ಅರ್ಜಿ ಹಾಕಬೇಕೆನ್ನುವಾಗ ತಾಯಿ ತೀರಿಕೊಂಡರು. "ಬರೋ ವರ್ಷ ಹೋಗೂವಂತೆ ಕಣಮ್ಮ" ಎಂದರು ಅವಳ ಅಪ್ಪ. ಮುಂದಿನ ವರ್ಷ, ಅಣ್ಣನ ಮದುವೆಯಾಗಿ ಸೊಸೆ ಬರಲಿ ಎಂದರು. ಸೊಸೆ ಬಂದಳು, ಬಸುರಿಯಾದಳು, ಬಾಣಂತಿಯಾದಳು. ಬರೋ ವರ್ಷ ಮಾತ್ರ ಬರಲೇ ಇಲ್ಲ. ಅಪ್ಪ ಕೆಟ್ಟವರಾಗಿರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಗದರುವವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರೋ ಬೀರೂರಿಗೆ ಹೋದಾಗಲೆಲ್ಲ ಮಗಳಿಗೆಂದು ವಾರಪತ್ರಿಕೆ ತರುತ್ತಿದ್ದರು.

ಸಂಜೆ ಬೀದಿಯ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಡುವಳು. ಪದ್ಯ ಬಂತೆಂದರೆ ಒಳಗಿನಿಂದ ಹಿಡಿದು ಬಂದ ಸೌಟು ಕೈಯಲ್ಲಿರುವುದೂ ಅವಳಿಗೆ ಮರೆತುಹೋಗುತ್ತಿತ್ತು. ನಾವು ಗೈಡು ನೋಡಿ ಭಾವಾರ್ಥ ಒಪ್ಪಿಸಿದರೆ ಸಿಟ್ಟು. "ಅರ್ಥ ಹಂಗಿರ್ಲಿ, ನಿನ್ ಕಣ್ಣಿಗೆ ಏನು ಕಾಣ್ತು ಹೇಳೇ" ಎನ್ನುವಳು. ನನಗೆ ಎಷ್ಟೋ ಸಲ ಏನೂ ಕಾಣುತ್ತಿರಲಿಲ್ಲ. ಆದರೂ ಏನಾದರೊಂದು ಹೇಳಿ ಬಚಾವಾಗುತ್ತಿದ್ದೆ.

ನಾನು ಎಂಟನೇ ತರಗತಿಯಲ್ಲಿದ್ದ ವರ್ಷ, ರಾಜ್ಯೋತ್ಸವದ ಸಭೆಯಲ್ಲಿ ಅಕ್ಕ ಅಟ್ಟದ ಕಾಯಿಯ ಬಗ್ಗೆ ತಾನೇ ಬರೆದ ಪದ್ಯ ಓದಿದಳು. ಟ್ರೈನಿಂಗಿಗೆ ಸೇರಲು ಅವಳಿಗೆ ಉಳಿದಿದ್ದದ್ದು ಅದೊಂದೇ ವರ್ಷ, ಆಮೇಲೆ ವಯಸ್ಸು ಮೀರುತ್ತಿತ್ತು. ಪದ್ಯದ ಕೊನೆಯ ಸಾಲುಗಳು ಈಗಲೂ ನನಗೆ ಬಾಯಿಗೆ ಬರುತ್ತವೆ.

ಏರಿಸಿದ ದಿನ ಒಳಗೆ ನೀರಿತ್ತು.
ಕೆಳಗೆ ಒಲೆ ಉರಿಯಿತು, ಊಟವಾಯಿತು, ಎಲ್ಲರೂ ನಕ್ಕರು.
ಈಗಲೂ ಅಲುಗಿಸಿದರೆ ಸದ್ದಾಗುತ್ತದೆ.
ಅದು ನೀರಲ್ಲ.

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಕೂತವರೆಲ್ಲ ತೋಟದವರು, ಮಂಡಿಯವರು. ನೀರು ಬತ್ತಿತು ಎಂದರೆ ಅವರ ಮುಖ ಅರಳುತ್ತದೆ. ಅಧ್ಯಕ್ಷರು ಎದ್ದು, ತಾಳಿದವನು ಬಾಳಿಯಾನು ಎಂಬುದನ್ನು ನಮ್ಮ ಹುಡುಗಿ ಎಷ್ಟು ಚೆಂದಾಗಿ ಹೇಳಿದ್ದಾಳೆ ಎಂದರು. ಅಕ್ಕ ಮೈಕಿನ ಪಕ್ಕದಲ್ಲೇ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಹಾರ ಹಾಕಿಬಿಟ್ಟರು.

ಅವಳಪ್ಪ ತಮ್ಮ ಕೊಬ್ಬರಿ ಅಂಗಡಿಗೆ ಬಂದವರಿಗೆಲ್ಲ ಮಗಳ ಪದ್ಯದ ಸುದ್ದಿ ಹೇಳಿದ್ದೇ ಹೇಳಿದ್ದು. ಅರ್ಜಿಯ ಕಾಲ ಬಂದಾಗ ಮಗಳನ್ನು ಕೂರಿಸಿಕೊಂಡು ಪ್ರೀತಿಯಿಂದಲೇ ಅಂದರಂತೆ, "ನೀನೇ ಬರ್ದಿದೀಯಲ್ಲಮ್ಮ, ಕಾದ್ರೇನೇ ಬೆಲೆ ಅಂತ. ನಿಮ್ಮಣ್ಣನ ಮಗೂಗೆ ಇನ್ನೊಂಚೂರು ಕಾಲು ಬರ್ಲಿ."

ಇದನ್ನು ನನಗೆ ಹೇಳಿ ಅಕ್ಕ ನಕ್ಕಳು. ನನಗೆ ಅಳು ಬಂತು. ಅರ್ಥ ಬಿಡಿಸಿ ಹೇಳಬೇಕಿತ್ತು ತಾನೇ ಎಂದೆ.

"ನಮ್ಮಪ್ಪನ ಮುಂದೆ ಗೈಡು ಬರಿಯಕ್ಕಾಯ್ತದೇನೇ?" ಎಂದಳು. ಒಮ್ಮೆ ಅಟ್ಟದ ಕಡೆ ನೋಡಿ, "ಕೊಬ್ಬರಿಗೆ ಬೆಲೆ ಬರ್ತದೆ, ದಿಟ. ಆದ್ರೆ ನೆಟ್ರೆ ಹುಟ್ಟಲ್ಲ ಕಣೇ" ಎಂದಳು.

ಆ ದಿನ ಮೊದಲ ಬಾರಿಗೆ ನನಗೆ ಒಂದು ಪದ್ಯದಲ್ಲಿ ಏನೋ ಕಂಡಿತು. ಕಾಣದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ವರ್ಷವೂ ದಾಟಿತು. ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟರು, ಒಳ್ಳೆಯ ಮನೆತನ, ಉಣ್ಣಲು ಉಡಲು ಕೊರತೆಯಿಲ್ಲ. ನಾನು ಓದಿ, ಟ್ರೈನಿಂಗ್ ಮುಗಿಸಿ, ತರೀಕೆರೆಯ ಶಾಲೆಯೊಂದರಲ್ಲಿ ಮೇಡಂ ಆದೆ. ಎಂಬತ್ತರ ದಶಕದಲ್ಲಿ ಒಮ್ಮೆ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಿದ್ದಾಗ ಹಿಂದಿನಿಂದ ಯಾರೋ ಜಡೆ ಹಿಡಿದೆಳೆದರು. ತಿರುಗಿದರೆ ಅಕ್ಕ. ಮೈ ತುಂಬಿಕೊಂಡಿದ್ದಳು, ಕೈಯಲ್ಲಿ ತರಕಾರಿ ಚೀಲ. ಗಂಡ, ಮಕ್ಕಳು, ಅತ್ತೆಯ ಮಂಡಿನೋವು, ಎಲ್ಲ ಮಾತಾಡಿದೆವು. ಪದ್ಯದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಬಸ್ಸು ಬಂದು ನಿಂತ ಮೇಲೆ, ಇಷ್ಟು ಹೊತ್ತೂ ಅದನ್ನೇ ಕೇಳಬೇಕೆಂದಿದ್ದವಳಂತೆ ತೋಳು ಹಿಡಿದುಕೊಂಡಳು.

"ಲೇ, ನೀನು ಕ್ಲಾಸಿಗೆ ಹೋದ್ರೆ ಮಕ್ಳೆಲ್ಲ ಎದ್ದು ನಿಂತ್ಕತಾವಾ?"

"ಹೂಂ ಅಕ್ಕ."

"ಹೆಂಗಿರ್ತದೆ?"

ಅವಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ತುಂಬಾ ಚೆನ್ನಾಗಿರ್ತದೆ ಅಕ್ಕ" ಎಂದೆ.

"ಗೊತ್ತಿತ್ತು ಬಿಡು" ಎಂದು ತೋಳು ಬಿಟ್ಟಳು.

ಅದೇ ಕೊನೆ. ಆಮೇಲೆ ನನಗೆ ಊರೂರು ವರ್ಗವಾಯಿತು, ಅವಳು ತೀರಿಹೋದ ಸುದ್ದಿಯೂ ತಡವಾಗಿ ಸಿಕ್ಕಿತು... ನಾನೀಗ ನಿವೃತ್ತಳು. ಆ ಬಸ್ ಸ್ಟ್ಯಾಂಡಿನ ದಿನದಿಂದ ಶಾಲೆಯಲ್ಲಿದ್ದಷ್ಟು ಕಾಲವೂ ಬೆಳಗ್ಗೆ ಮಕ್ಕಳು ದಡಬಡ ಎದ್ದು ನಿಂತಾಗ ಕೂಡಲೇ ಕೂತುಕೊಳ್ಳಿ ಎನ್ನುವುದು ನನಗೆ ಸಾಧ್ಯವಾಗಲಿಲ್ಲ. ಮೇಡಂಗೆ ಜಂಬ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದವು. ಅವರು ಎದ್ದು ನಿಂತದ್ದರಲ್ಲಿ ಅಕ್ಕನ ಪಾಲೂ ಇತ್ತು, ಅದನ್ನು ಅವಳಿಗೆ ಮುಟ್ಟಿಸುವ ದಾರಿ ನನಗೆ ತಿಳಿಯಲಿಲ್ಲ.