ಬೂದಿ ಹಾಕದ ಬಕೆಟ್ಟು

ಒದ್ದೆ ಬೂದಿಯ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮೊನ್ನೆ ಸಾಗರದ ಹತ್ತಿರದ ಒಂದು ಗದ್ದೆಗೆ ಹೋಗಿದ್ದೆ. ಭತ್ತ ಕೊಯ್ದ ಮೇಲೆ ಅಲ್ಲಿ ಅಲಸಂದೆ ಬಿತ್ತಿಸಿದವಳು ನಾನೇ. ಬೆಳೆ ನೋಡುತ್ತಿದ್ದಾಗ ಗದ್ದೆಯ ಒಡತಿ ಬಚ್ಚಲೊಲೆಯ ಬೂದಿಯನ್ನು ಬುಟ್ಟಿಯಲ್ಲಿ ತುಂಬಿ, ಹಾರದಂತೆ ನೀರು ಚಿಮುಕಿಸಿಕೊಂಡು ಬಂದರು. "ಇದನ್ನ ಹಾಕ್ಲಾ ಮೇಡಂ?" ಎಂದು ಕೇಳಿದರು. ಸುಲಭದ ಪ್ರಶ್ನೆ. ಅವರು ಬುಟ್ಟಿ ಹಿಡಿದು ಕಾಯುತ್ತಿದ್ದರು, ನಾನು ಬದುವಿನ ಮೇಲೆ ಅತ್ತಿಂದಿತ್ತ ತಿರುಗುತ್ತಿದ್ದೆ...

ಕೆಲವು ವರ್ಷಗಳ ಹಿಂದೆ, ಕೃಷಿ ಸಂಶೋಧನೆ ಮಾಡುತ್ತಿದ್ದಾಗ, ತೀರ್ಥಹಳ್ಳಿಯಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಮನೆಯೊಡತಿ ಇದ್ದರು. ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು, ಬೀದಿಗೆಲ್ಲ ಟೀಚರಮ್ಮ. ಮಕ್ಕಳನ್ನು ತೂಗುವುದು, ತೂಕ ಏರದವರನ್ನು ಹುಡುಕಿ ಹುಡುಕಿ ಉಣ್ಣಿಸುವುದು, ಇದರಲ್ಲೇ ಅವರ ಆಯುಷ್ಯ ಕಳೆದಿತ್ತು. ಮೊದಲ ದಿನವೇ ನನ್ನನ್ನೂ ಕಣ್ಣಲ್ಲೇ ತೂಗಿದ್ದರು. "ಎಂತ ಮಾರಾಯ್ತಿ, ಗಾಳಿ ಬಂದ್ರೆ ಹಾರಿ ಹೋಗ್ತೀಯಲ್ಲೇ!"

ಗಿಡ ಬೆಳೆಸಲು ಕಾಲೇಜಿನಲ್ಲಿದ್ದ ನೆರಳುಮನೆಯಲ್ಲಿ ಮಂಗಗಳ ಕಾಟ. ಹಾಗಾಗಿ ಗೈಡ್ ಅವರ ಒಪ್ಪಿಗೆ ಪಡೆದು ನನ್ನ ಪ್ರಯೋಗದ ಕುಂಡಗಳನ್ನು ಟೀಚರಮ್ಮನ ತಾರಸಿಯಲ್ಲಿ ಬಲೆ ಕಟ್ಟಿ ಇಟ್ಟಿದ್ದೆ. ಮಣ್ಣು ಹೊಸನಗರದ ಗುಡ್ಡದ್ದು, ಕೆಂಪು. ಅದರಲ್ಲಿ ಗಿಡಕ್ಕೆ ಬೇಕಾದ ರಂಜಕ, ಅಂದರೆ ಫಾಸ್ಫರಸ್, ಇಲ್ಲವೆಂದಲ್ಲ, ಇರುವಷ್ಟನ್ನೂ ಮಣ್ಣಿನ ಕಬ್ಬಿಣ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅಲಸಂದೆ, ತೊಗರಿಯಂಥ ಗಿಡಗಳು ಹಸಿದಾಗ ಬೇರಿನಿಂದ ಒಂದು ಬಗೆಯ ಹುಳಿ ಒಸರಿಸಿ ಅದನ್ನು ಬಿಡಿಸಿಕೊಳ್ಳುತ್ತವೆ, ಹುಣಸೆಹುಳಿ ಹಿತ್ತಾಳೆ ಚೆಂಬಿನ ಕಿಲುಬು ಬಿಡಿಸಿದ ಹಾಗೆ. ಅಲಸಂದೆಯ ಯಾವ ತಳಿ ಈ ಕೆಲಸದಲ್ಲಿ ಗಟ್ಟಿ ಎಂದು ನಾನು ಕಂಡುಹಿಡಿಯಬೇಕಿತ್ತು. ಅದಕ್ಕೇ ಅರ್ಧ ಕುಂಡಗಳಿಗೆ ಗೊಬ್ಬರ, ಉಳಿದರ್ಧಕ್ಕೆ ಏನೂ ಇಲ್ಲ. ಕೊನೆಗೆ ಗಿಡ ಕಿತ್ತು, ಬೇರು ತೊಳೆದು ಅಳೆಯಬೇಕು. ಫೆಲೋಶಿಪ್ಪಿನ ಕೊನೆಯ ವರ್ಷ ಅದು. ಆ ವರ್ಷ ಬೆಳೆ ಕೈಕೊಟ್ಟರೆ ನನ್ನ ಥೀಸಿಸ್ ಅಲ್ಲಿಗೆ ಮುಗಿಯಿತು.

ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಊಟದ ನಡುವೆ ಎದ್ದು ತಾರಸಿಗೆ ಓಡುತ್ತಿದ್ದೆ. ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ, ಇಳಿದು ಬಂದು ಮತ್ತೆ ಹತ್ತುತ್ತಿದ್ದೆ. ಹಾಗಿರುವಾಗ ಗೊಬ್ಬರ ಕಾಣದ ಕುಂಡಗಳು ಇದ್ದಕ್ಕಿದ್ದಂತೆ ಚಿಗುರತೊಡಗಿದವು. ಎಲ್ಲ ತಳಿಗಳೂ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೈಡಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಒದರಿದೆ. ಮಾರನೆಯ ಬೆಳಿಗ್ಗೆ ತಾರಸಿಯ ಬಾಗಿಲು ತೆರೆದರೆ ಒದ್ದೆ ಬೂದಿಯ ವಾಸನೆ. ಟೀಚರಮ್ಮ ಮಗ್ಗಿನಲ್ಲಿ ಬೂದಿನೀರು ಕಲಸಿ ಬಡ ಕುಂಡಗಳಿಗಷ್ಟೇ ಎರೆಯುತ್ತಿದ್ದರು.

"ಹೊಟ್ಟೆಗಿಲ್ದೆ ಸೊರಗ್ತಿದ್ವು ಕಣೇ," ಎಂದರು, ಒಳ್ಳೆಯ ಸುದ್ದಿ ಹೇಳುವವರ ಹಾಗೆ. "ಆ ಕಡೆವು ಉಂಡು ತೇಗ್ತಾವೆ, ಈ ಕಡೆವು ಹಿಂಗೆ. ನೋಡ್ಕಂಡು ಸುಮ್ನಿರಾಕೆ ಆಗ್ತದಾ?"

ನಾನು ಓಡಿಹೋಗಿ ಅವರ ಕೈ ಹಿಡಿದೆ. ಬೂದಿಯಲ್ಲೇ ರಂಜಕ ಇರುತ್ತದೆ, ಮಣ್ಣಿನ ಹುಳಿಯನ್ನೂ ಅದು ಮುರಿಯುತ್ತದೆ, ಇನ್ನು ಇವುಗಳಿಂದ ಏನೂ ತಿಳಿಯುವುದಿಲ್ಲ ಎಂದು ಅಳುತ್ತಲೇ ವಿವರಿಸಿದೆ. ಟೀಚರಮ್ಮ ಮಗ್ಗು ಕೆಳಗಿಟ್ಟರು. "ಹಂಗಾರೆ ನಿನ್ನ ಓದು?" ಎಂದಷ್ಟೇ ಕೇಳಿದರು. ಸಂಜೆ ಬಂದು ತಾರಸಿಯ ಬೀಗದ ಕೈ ನನ್ನ ಅಂಗೈಗೆ ಒತ್ತಿದರು. "ನನ್ನ ಕೈ ಮೇಲೆ ನಂಗೇ ನಂಬ್ಕೆ ಇಲ್ಲ, ಇದು ನಿನ್ ಹತ್ರಾನೇ ಇರ್ಲಿ. ಬೇರು ತೊಳಿಯೋ ದಿನ ಮಾತ್ರ ಕರಿ. ಹಸಿದ ಗಿಡ ಅದೆಂತ ಬೇರು ಬಿಡ್ತದೋ ನೋಡ್ತೀನಿ."

ಫೆಲೋಶಿಪ್ಪಿನ ಉಳಿದ ತಿಂಗಳುಗಳಲ್ಲೇ ಹೊಸ ಮಣ್ಣು ತುಂಬಿ ಮತ್ತೆ ಬಿತ್ತಿದೆ. ಆ ಬೇಸಿಗೆ ಟೀಚರಮ್ಮ ಹಪ್ಪಳವನ್ನು ತಾರಸಿ ಬಿಟ್ಟು ಅಂಗಳದಲ್ಲಿ ಹರವಿ, ದಿನವಿಡೀ ಕಾಗೆ ಓಡಿಸುತ್ತ ಕೂತರು. ಮೇಲೆ ಬರಲಿಲ್ಲ. ನಾನು ಇಳಿಯುವಾಗ ಕೆಳಗಿನಿಂದಲೇ, "ಹೆಂಗಿದಾವೆ?" ಎನ್ನುವರು. ಸೊರಗಿವೆ ಎಂದರೆ, "ಥೋ..." ಎಂದು ಒಳಗೆ ಹೋಗಿಬಿಡುವರು.

ಬೇರು ತೊಳೆಯುವ ದಿನ ಹತ್ತಿರ ಬಂದಿತ್ತು. ಜ್ವರವೆಂದು ಟೀಚರಮ್ಮನನ್ನು ನೆಂಟರು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು. ಮನೆಗೆ ಮರಳಿದ್ದು ಹೆಣ.

ಬೇರುಗಳನ್ನು ಒಬ್ಬಳೇ ತೊಳೆದೆ. ಫಲಿತಾಂಶ ಚೆನ್ನಾಗಿಯೇ ಬಂತು, ಥೀಸಿಸ್ ಉಳಿಯಿತು. ಕೋಣೆ ಖಾಲಿ ಮಾಡುವ ದಿನ ಉಳಿದ ಮಣ್ಣಿನ ಚೀಲ ಹುಡುಕಿಕೊಂಡು ಹಿತ್ತಲಿಗೆ ಹೋದೆ. ಬಚ್ಚಲ ಬಾಗಿಲ ಪಕ್ಕ ಒಂದು ಒಡೆದ ಬಕೆಟ್ಟು. ಅದರಲ್ಲಿ ನನ್ನದೇ ಕೆಂಪು ಮಣ್ಣು, ನನ್ನದೇ ಬೀಜದ ಒಂದು ಅಲಸಂದೆ ಗಿಡ. ಚಿಕ್ಕ ಎಲೆ, ಮಂಕು ಹಸಿರು, ತಾರಸಿಯ ಬಡ ಗಿಡಗಳದೇ ಬಣ್ಣ. ಪುಟ್ಟ ಕಾಯಿಗಳೂ ಬಿಟ್ಟಿದ್ದವು. ಬೂದಿಯ ಡಬ್ಬ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು, ತುಂಬಿತ್ತು. ಬಕೆಟ್ಟಿಗೆ ಟೀಚರಮ್ಮ ಒಂದು ಚಿಟಿಕೆಯನ್ನೂ ಹಾಕಿರಲಿಲ್ಲ. ಸೊರಗಿದ್ದು ಯಾವುದನ್ನೂ ನೋಡಲಾಗದ ಆ ಹೆಂಗಸು ದಿನಾ ಅದರ ಎದುರು ನಿಂತು ಕೈ ಹೇಗೆ ಕಟ್ಟಿಕೊಂಡರೋ... ಅಲ್ಲೇ ಕೂತು ಗೊಳೋ ಎಂದು ಅತ್ತುಬಿಟ್ಟೆ.

"ಮೇಡಂ? ಹಾಕ್ಲಾ ಬ್ಯಾಡ್ವಾ?" ಗದ್ದೆಯ ಒಡತಿ ಬುಟ್ಟಿ ಹಿಡಿದು ಇನ್ನೂ ಕಾಯುತ್ತಿದ್ದರು.

"ಹಾಕಿ," ಎಂದೆ. "ತೆಳ್ಳಗೆ, ಎಲ್ಲ ಗಿಡಕ್ಕೂ."

ಅವರು ಬೂದಿ ಉದುರಿಸುತ್ತ ಮುಂದೆ ಹೋದರು. ನಾನು ಸಾಲಿನ ಕೊನೆಯ ಗಿಡವೊಂದನ್ನು ಕಿತ್ತು, ಕಾಲುವೆಯ ನೀರಿನಲ್ಲಿ ಮಣ್ಣು ಬಿಡಿಸಿದೆ. ಎಷ್ಟು ಉದ್ದಕ್ಕೆ, ಎಷ್ಟು ನವಿರಾಗಿ ಹರಡಿತ್ತು ಆ ಬೇರು. ಯಾರನ್ನೋ ಕೂಗುವವಳಂತೆ ತಿರುಗಿದೆ. ಕರೆಯಬೇಕಾದವರು ಇರಲಿಲ್ಲ.