ಶುಕ್ರವಾರದೊಳಗೆ ಒಂದು ಪವರ್ ಸಪ್ಲೈ

ಸೋಮವಾರ ಸಂಜೆ ಟಪ್ ಅಂತ ಒಂದು ಸದ್ದು. ಹಿಂದೆಯೇ ಸುಟ್ಟ ವಾಸನೆ. ಅಷ್ಟಕ್ಕೆ ನನ್ನ ಅಣ್ಣನ ಮಾತು ನಿಂತುಹೋಯಿತು.

(ಗಾಬರಿ ಬೇಡ. ಅಣ್ಣ ಚೆನ್ನಾಗಿದ್ದಾನೆ. ಸುಟ್ಟದ್ದು ಅವನ ಕಂಪ್ಯೂಟರ್.)

ಕಳೆದ ವಾರ ಈ ಜಾಗದಲ್ಲಿ ನನ್ನ ಬರಹ ಯಾಕೆ ಬರಲಿಲ್ಲ ಅಂತ ಕೆಲವರು ಕೇಳಿದಿರಿ. ಇದೇ ಕಾರಣ. ಸೋಮವಾರದಿಂದ ಶುಕ್ರವಾರದವರೆಗೆ ನಾನು ಒಂದು ಪವರ್ ಸಪ್ಲೈ, ಅಂದರೆ ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಡಬ್ಬಿ, ಹುಡುಕಿಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿಯುತ್ತಿದ್ದೆ.

ಅಣ್ಣ ಪುಟ್ಟಸ್ವಾಮಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದವನು. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ನಾಲಿಗೆ ಹೊರಳುವುದಿಲ್ಲ. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಎಲ್ಲವೂ ಕೇಳಿಸುತ್ತದೆ, ಎಲ್ಲವೂ ಅರ್ಥವಾಗುತ್ತದೆ, ಒಂದೂ ಹೇಳಲಾಗುವುದಿಲ್ಲ. ಇದಕ್ಕಿಂತ ದೊಡ್ಡ ಸೆರೆಮನೆ ಉಂಟೇ?

ಬೆಂಗಳೂರಿನ ಯಾವುದೋ ಆಫೀಸು ಹಳೆಯ ಕಂಪ್ಯೂಟರುಗಳನ್ನು ಮಾರಿಬಿಟ್ಟಾಗ ಅವನಿಗೊಂದು ಕೊಂಡು ತಂದೆ. ಪುಟ್ಟದು. ಎರಡು ದಪ್ಪ ಟೆಲಿಫೋನ್ ಡೈರೆಕ್ಟರಿ ಒಂದರ ಮೇಲೊಂದು ಇಟ್ಟಷ್ಟು, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುವಂಥದ್ದು. ಪರಿಚಯದ ಡಿಟಿಪಿಯವರೊಬ್ಬರು ಅದಕ್ಕೆ ಹಳೆಯ ಕನ್ನಡ ಟೈಪ್‌ರೈಟರಿನ ಕೀಲಿಮಣೆಯ ಜೋಡಣೆಯನ್ನೇ ಫ್ಲಾಪಿಯಿಂದ ಹಾಕಿಕೊಟ್ಟರು. ಮೊದಲ ದಿನ ಅಣ್ಣ ಎಡಗೈಯ ಒಂದೇ ಬೆರಳಲ್ಲಿ ಹೊಡೆದದ್ದು: 'ಸಾರಿಗೆ ಉಪ್ಪು ಕಮ್ಮಿ'. ಅತ್ತಿಗೆ ಜಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದರು.

ಈಗ ಅದೇ ಪೆಟ್ಟಿಗೆ ಸತ್ತಿತ್ತು. ಅದೂ ಎಂಥ ವಾರ ನೋಡಿಕೊಂಡು!

ಹಾರೋಹಳ್ಳಿಗೆ ಮೂರು ಮೈಲಿ ಈಚೆಗೆ ನಮ್ಮೂರು. ಅಲ್ಲಿ ನಮ್ಮ ಎರಡೂವರೆ ಎಕರೆ ಹಿಪ್ಪುನೇರಳೆ ತೋಟ. ಆ ಸೊಪ್ಪು ತಿಂದ ಹುಳುಗಳೇ ನಮ್ಮನ್ನು ಓದಿಸಿದ್ದು. ಈಗ ಅದರ ಮೂರು ಕಡೆಯೂ ಫ್ಯಾಕ್ಟರಿಗಳ ಕಾಂಪೌಂಡು ಎದ್ದಿದೆ. ತೋಟಕ್ಕೆ ಗಿರಾಕಿ ಬಂದಿದ್ದ. ಮಾರಬೇಕು ಅಂತ ನನ್ನ ತಮ್ಮ ಮಹದೇವ. ಶುಕ್ರವಾರ ಬೆಳಿಗ್ಗೆ ಬ್ರೋಕರ್ ಕರಾರು ಪತ್ರ ತರುವುದೆಂದು ಗೊತ್ತಾಗಿತ್ತು. ಪಹಣಿಯಲ್ಲಿ ಇರುವುದು ಅಣ್ಣ ತಮ್ಮ ಇಬ್ಬರ ಹೆಸರು. ನನ್ನ ಪಾಲನ್ನು ಮದುವೆ ಕಾಲಕ್ಕೇ ಬರೆದುಕೊಟ್ಟಿದ್ದೆ. ಅಂದರೆ ನನಗೆ ಮಾತಿಲ್ಲ.

ಅಣ್ಣನಿಗೆ ಮಾತಿತ್ತು. ಬಾಯಿ ಇರಲಿಲ್ಲ.

"ಅಣ್ಣ ಒಪ್ಕಂಡೈತೆ ಕಣಕ್ಕ. ನಾನ್ ಕೇಳ್ದೆ, ತಲೆ ಆಡ್ಸ್ತು. ಇನ್ನೇನ್ ಬೇಕು?" ಅಂದ ಮಹದೇವ.

ಲಕ್ವ ಹೊಡೆದ ಮೇಲೆ ಅಣ್ಣನ ತಲೆ ತಾನಾಗಿಯೇ ಒಸಿ ಆಡುತ್ತದೆ. ಅದು ಮಹದೇವನಿಗೂ ಗೊತ್ತು, ನನಗೂ ಗೊತ್ತು.

ರಟ್ಟಿನ ಮೇಲೆ ಅಕ್ಷರ ಬರೆದು ತೋರಿಸಿ ಕೇಳಬಹುದಿತ್ತಲ್ಲ ಅನ್ನುತ್ತೀರಾ? ಸೋಮವಾರವೇ ಮಾಡಿದೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ರಟ್ಟು ತುಂಬಿಹೋಯಿತು. ಅಣ್ಣನ ಬೆರಳು ನಡುಗಿ ಎರಡು ಅಕ್ಷರದ ನಡುವೆ ನಿಲ್ಲುತ್ತಿತ್ತು. ಕೀಲಿಯಾದರೆ ಬೆರಳು ಊರಿ ಒತ್ತಬಹುದು, ತಪ್ಪಿದರೆ ಅಳಿಸಬಹುದು. ಕೈ ಜಾರದಿರಲಿ ಅಂತ ಮಣಿಕಟ್ಟು ಹಿಡಿದುಕೊಂಡೆ. ಮಹದೇವ ಬಾಗಿಲಲ್ಲೇ ನಿಂತು ನೋಡುತ್ತಿದ್ದ.

"ಬೆರಳು ಅಣ್ಣಂದು, ಮಾತು ನಿಂದು. ಬುಟ್ಬುಡಕ್ಕ" ಅಂದ.

ರಟ್ಟನ್ನು ಮಡಿಚಿ ಇಟ್ಟೆ. ಮಾರನೆಯ ಬೆಳಿಗ್ಗೆ ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿ, ವೈರ್ ಬ್ಯಾಗಿಗೆ ಇಳಿಸಿ ಬಸ್ಸು ಹತ್ತಿದೆ.

ನಾನು ಪಾಠ ಮಾಡುವುದು ರಾಮನಗರದ ಕಾಲೇಜಿನಲ್ಲಿ. ಮಂಗಳವಾರ ಅಲ್ಲಿನ ಮೂರು ಅಂಗಡಿ ಸುತ್ತಿದೆ. ಪವರ್ ಸಪ್ಲೈ ಹೋಗಿದೆ ಅಂತ ಮೂವರೂ ಒಂದೇ ನೋಟಕ್ಕೆ ಹೇಳಿದರು. ಬೇರೆ ಇದೆಯೇ ಅಂದರೆ ಮೂವರೂ ತಲೆ ಅಡ್ಡಡ್ಡ ಆಡಿಸಿದರು. ಮಾಮೂಲಿ ಕಂಪ್ಯೂಟರಿನ ಸಪ್ಲೈ ಇಟ್ಟಿಗೆಯ ಹಾಗೆ ದಪ್ಪ. ಇದರದ್ದು ಉದ್ದಕ್ಕೆ, ತೆಳ್ಳಗೆ, ಟಾರ್ಚಿನ ಡಬ್ಬಿಯ ಹಾಗೆ. ಈ ಕಂಪ್ಯೂಟರಿನ ಕಂಪನಿಯವರು ಅದನ್ನು ಮಾಡುವುದನ್ನೇ ನಿಲ್ಲಿಸಿದ್ದರಂತೆ.

"ಮೇಡಂ, ಹೊಸ ಕಂಪ್ಯೂಟರ್ ತಗೊಂಡ್ಬುಡಿ" ಅಂದರು ಒಬ್ಬರು. ಹೊಸದರಲ್ಲಿ ಅಣ್ಣನ ಆ ಕೀಲಿಮಣೆ ಬರುತ್ತದೆಯೇ? ಅವರಿಗೆ ಗೊತ್ತಿಲ್ಲ. ಹಾಕಿಕೊಟ್ಟ ಡಿಟಿಪಿಯವರು ಊರು ಬಿಟ್ಟು ವರ್ಷವಾಗಿತ್ತು. ಅವರು ಕೊಟ್ಟ ಫ್ಲಾಪಿ ಓದದಷ್ಟು ಹಾಳಾಗಿತ್ತು. ಅಲ್ಲದೆ ಹೊಸದು ಕೊಳ್ಳುವ ತಾಕತ್ತು ಯಾರಿಗಿತ್ತು?

ಬುಧವಾರ ಚನ್ನಪಟ್ಟಣ. ಅಲ್ಲಿ ಒಬ್ಬರು ಪೆಟ್ಟಿಗೆಯನ್ನು ಕೈಯಲ್ಲಿ ತೂಗಿ ನೋಡಿ, ಗುಜರಿಗೆ ಹಾಕಿದರೆ ಇಷ್ಟು ಬರುತ್ತದೆ ಅಂದರು. ಪೆಟ್ಟಿಗೆ ವಾಪಸ್ ಇಸಿದುಕೊಂಡೆ. ಅಲ್ಲಿಂದಲೇ ಬೆಂಗಳೂರಿನ ಒಂದು ಅಂಗಡಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಸಿಗುತ್ತದೆ, ತರಿಸಿಕೊಡುತ್ತೇವೆ, ಹದಿನೈದು ದಿನ ಬೇಕು ಅಂದರು. ರೇಟು ಕೇಳಿದೆ. ಇಡೀ ಕಂಪ್ಯೂಟರಿಗೆ ನಾನು ಕೊಟ್ಟದ್ದಕ್ಕಿಂತ ಹೆಚ್ಚು!

ಹದಿನೈದು ದಿನ. ನನಗೆ ಉಳಿದಿದ್ದದ್ದು ಒಂದು.

ಸಂಜೆ ವಾಪಸಾದಾಗ ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಕೇಳಿದ್ದೇ ಸಾಕಾಯಿತು, ಎಲ್ಲ ಹೇಳಿಕೊಂಡೆ. "ಮಾಗಡೀಲಿ ಸರೋಜಮ್ಮ ಅಂತವ್ರೆ. ನಮ್ ಯುಪಿಎಸ್ ರಿಪೇರಿ ಮಾಡೋರು. ಅವ್ರಿಗೊಂದ್ಸಲ ತೋರ್ಸಿ" ಅಂದರು.

ಗುರುವಾರ ಮಧ್ಯಾಹ್ನ ಮಾಗಡಿ ಬಸ್ಸು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಬಾಗಿಲ ಅಂಗಡಿ. ಮಿಕ್ಸಿ, ಯುಪಿಎಸ್, ಟಿವಿ ಬೋರ್ಡುಗಳ ನಡುವೆ ಮೂವತ್ತೈದರ ಹೆಂಗಸು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬೆಸುಗೆ ಹಾಕುತ್ತಿದ್ದರು. ಹನ್ನೊಂದು ವರ್ಷ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಬೆಸುಗೆ ಲೈನಿನಲ್ಲಿ ಕೂತವರು. ಅದು ಮುಚ್ಚಿದ ಮೇಲೆ ಊರಿಗೆ ಬಂದು ಈ ಅಂಗಡಿ ಇಟ್ಟಿದ್ದಾರೆ.

ಸುಟ್ಟ ಸಪ್ಲೈ ಬಿಚ್ಚಿ ಮೂಸಿದರು. "ಇದು ಬದ್ಕಲ್ಲ ಮೇಡಂ. ಒಳ್ಗೆಲ್ಲ ಕರ್ರಗಾಗೈತೆ."

ನಾನು ಸ್ಟೂಲು ಎಳೆದುಕೊಂಡು ಕೂತೆ. ಅಣ್ಣನ ಕಥೆ ಹೇಳಿದೆ, ನಾಳೆಯ ಕಥೆಯನ್ನೂ ಹೇಳಿದೆ. ಆಕೆ ಅಟ್ಟದ ಮೇಲಿನಿಂದ ಮಾಮೂಲಿ ಕಂಪ್ಯೂಟರಿನ ಹಳೆಯ ಸಪ್ಲೈ ಒಂದನ್ನು ಇಳಿಸಿದರು. "ಒಳಗೆ ಹಿಡಿಯಲ್ಲ. ಹೊರಗಿಟ್ಟು ತಂತಿ ಒಳೀಕೆ ಬುಟ್ರೆ ಏನಾಯ್ತದೆ? ನೋಡಕ್ ಚೆನ್ನಾಗಿರಲ್ಲ, ಅಷ್ಟೇಯ."

ಅದರ ಪ್ಲಗ್ ತಂದು ಕಂಪ್ಯೂಟರಿನ ಬೋರ್ಡಿಗೆ ಇಟ್ಟರು. ಕಟಕ್ ಅಂತ ಕೂತಿತು. ನನಗೆ ಜೀವ ಬಂದಂತಾಗಿ, ಸ್ವಿಚ್ಚಿಗೆ ಕೈ ಚಾಚಿದೆ.

"ತಡೀರಿ!" ಆಕೆ ನನ್ನ ಕೈ ಸರಿಸಿದರು. ಪ್ಲಗ್ ಮತ್ತೆ ಕಿತ್ತರು. ಸುಟ್ಟ ಸಪ್ಲೈನ ಬೋರ್ಡಿನ ಮೇಲೆ ಒಂದೊಂದು ತಂತಿಯ ಬುಡದಲ್ಲೂ ಅದರ ವೋಲ್ಟೇಜು ಅಚ್ಚಾಗಿತ್ತು. ಅದನ್ನೂ ಈ ಪ್ಲಗ್ಗನ್ನೂ ಮೀಟರ್ ಹಿಡಿದು ತಾಳೆ ನೋಡುತ್ತಾ ಹೋದರು. ಐದನೆಯದಕ್ಕೆ ನಿಂತರು. "ನೋಡಿ. ಪ್ಲಗ್ಗು ಒಂದೇ ತರ, ತಂತಿ ಜಾಗ ಬ್ಯಾರೆ ಬ್ಯಾರೆ. ಹಂಗೇ ಹಾಕಿದ್ರೆ ಕಂಪ್ಯೂಟರ್ ಬೋರ್ಡೇ ಹೊಯ್ತಿತ್ತು. ಕೂತ್ಕಳದು ಬ್ಯಾರೆ, ಹೊಂದ್ಕಳದು ಬ್ಯಾರೆ ಮೇಡಂ."

ಒಂದು ಸ್ವಿಚ್ಚು. ಅಣ್ಣನ ಮಾತು ಪೂರ್ತಿ ಹೋಗುತ್ತಿತ್ತು, ನನ್ನ ಅವಸರದಲ್ಲೇ.

ತಂತಿಗಳನ್ನು ಪ್ಲಗ್ಗಿನಿಂದ ಒಂದೊಂದಾಗಿ ಬಿಡಿಸಿ ಜಾಗ ಬದಲಿಸಬೇಕಿತ್ತು. ಅದಕ್ಕೆ ಬೇಕಾದ ಸಪೂರ ಸಾಧನ ಆಕೆಯ ಹತ್ತಿರ ಇರಲಿಲ್ಲ. ನನ್ನ ತುರುಬು ನೋಡಿದರು. ಹೇರ್‌ಪಿನ್ ತೆಗೆದುಕೊಟ್ಟೆ. ಒಂದೂವರೆ ಗಂಟೆ ಹಿಡಿಯಿತು. ಮತ್ತೆರಡು ಸಲ ಮೀಟರ್ ಹಿಡಿದರು. ಆಮೇಲೆ, "ನೀವೇ ಒತ್ತಿ" ಅಂದರು.

ನನ್ನಿಂದಾಗಲಿಲ್ಲ. ಆಕೆಯೇ ಒತ್ತಿದರು.

ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು.

ಸರೋಜಮ್ಮ ಸ್ವಿಚ್ಚು ಆರಿಸಿ, ತಂತಿಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿದರು. ಒಂದು ಸಡಿಲವಾಗಿತ್ತು. ಒಳಕ್ಕೆ ಒತ್ತಿದರು. ಮತ್ತೆ ಸ್ವಿಚ್ಚು. ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು. ಅಂಗಡಿಯ ಹಳೆಯ ಪರದೆಯ ಮೇಲೆ ಅಕ್ಷರ ಮೂಡಿದವು.

ಹಳೆಯ ಸಪ್ಲೈಗೆ ಮುನ್ನೂರು, ಕೂಲಿಗೆ ಐವತ್ತು. ಇನ್ನಷ್ಟು ಕೊಡಹೋದರೆ ಬೈದರು. "ಅರ್ಥ್ ಇರೋ ಮೂರ್ ಪಿನ್ ಸಾಕೆಟ್ಗೇ ಹಾಕಿ. ಅಣ್ಣನ ಕೈಗೆ ಈ ಡಬ್ಬ ಎಟುಕ್ದಂಗೆ ಇಡಿ" ಅಂದರು.

ಶುಕ್ರವಾರ. ಹಿಂದಿನ ರಾತ್ರಿ ಊರಿನ ಕೊನೆಯ ಬಸ್ಸು ತಪ್ಪಿತ್ತು; ಊರು ಮುಟ್ಟಿದಾಗ ಹತ್ತಕ್ಕೆ ಹತ್ತು ನಿಮಿಷ. ಪಡಸಾಲೆಯಲ್ಲಿ ಬ್ರೋಕರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಟೀಪಾಯಿಯ ಮೇಲೆ ಕರಾರು ಪತ್ರ, ಇಂಕ್ ಪ್ಯಾಡು. ಅಣ್ಣನನ್ನು ಶರಟು ಹಾಕಿ, ಅಲ್ಲೇ ಅವನ ಮಂಚದ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದರು. ನನ್ನ ಕೈಯ ಬ್ಯಾಗು ಕಂಡು ಅವನ ಕಣ್ಣು ಅಗಲವಾಯಿತು.

"ಹತ್ತೂವರೆಗೆ ರಾಹುಕಾಲ ಸುರುವಾಯ್ತದೆ ತಾಯಿ" ಅಂದರು ಬ್ರೋಕರ್.

ಕಂಪ್ಯೂಟರನ್ನು ಅದರ ಸ್ಟೂಲಿನ ಮೇಲೆ, ಸಪ್ಲೈ ಡಬ್ಬವನ್ನು ಗೋಡೆಯ ಕಡೆ ಇಟ್ಟೆ. ತಂತಿಗಳು ಕರುಳಿನ ಹಾಗೆ ಹೊರಗೆ ಚಾಚಿದ್ದವು. ಸ್ವಿಚ್ಚು ಹಾಕಿದೆ. ಪರದೆ ನೀಲಿಯಾಯಿತು. ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ, ಡಿಸ್ಕ್ ಪರೀಕ್ಷಿಸುತ್ತಿದ್ದೇನೆ ಅಂತ ಇಂಗ್ಲಿಷಿನಲ್ಲಿ ಬಂತು. ಎರಡು ಪರ್ಸೆಂಟು. ಮೂರು ಪರ್ಸೆಂಟು. ಈ ಯಂತ್ರಗಳಿಗೆ ನಮ್ಮ ಅವಸರ ಗೊತ್ತಾಗುವುದು ಹೇಗೋ ಏನೋ!

ಹತ್ತೂ ಹತ್ತಾಯಿತು. ನಲವತ್ತು ಪರ್ಸೆಂಟಿಗೆ ಬಂದು ನಿಂತೇಬಿಟ್ಟಿತು.

"ಅಕ್ಕ, ನಿಂದು ಅತಿಯಾಯ್ತು. ನಾಕ್ ಜನದ ಮುಂದೆ ಯಾಕಿಂಗ್ ಆಡ್ತೀಯ?" ಮಹದೇವ ಇಂಕ್ ಪ್ಯಾಡು ತೆರೆದ. ಅಣ್ಣನ ಎಡಗೈ ಹಿಡಿದುಕೊಂಡ.

ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತಿಗೆ ಮುಂದೆ ಬಂದರು. ಎಂದೂ ಗಟ್ಟಿ ಮಾತಾಡದವರು. "ಕೈ ಬುಡಪ್ಪ. ಎಲ್ರೂ ಒಸಿ ತಡ್ಕಳಿ. ಎರಡ್ ವರ್ಷದಿಂದ ನಾನ್ ತಡ್ಕಂಡಿಲ್ವ?"

ಮಹದೇವ ಕೈ ಬಿಟ್ಟ.

ಹತ್ತೂ ಹದಿನೆಂಟಕ್ಕೆ ಕಂಪ್ಯೂಟರ್ ತೆರೆಯಿತು. ನಾನು ಕುರ್ಚಿಯಿಂದ ಎರಡು ಮಾರು ದೂರ ಹೋಗಿ ನಿಂತೆ, ಯಾರೂ ಏನೂ ಅನ್ನದಿರಲಿ ಅಂತ. ಅಣ್ಣನ ಬೆರಳು ಕೀಲಿಗಳ ಮೇಲೆ ಅಲೆದು ಒಂದನ್ನು ಒತ್ತಿತು.

ಮಾ.

ಮಾರ.

ಎಲ್ಲರೂ ಪರದೆಯನ್ನೇ ನೋಡುತ್ತಿದ್ದೆವು. ಅಣ್ಣನ ಮನಸ್ಸು ನನಗೆ ಗೊತ್ತಿಲ್ಲವೇ? ಅವನೂ ನಾನೂ ಒಂದೇ ಬುಟ್ಟಿಯಲ್ಲಿ ಸೊಪ್ಪು ಹೊತ್ತವರು. ಇನ್ನೊಂದು ಅಕ್ಷರ ಬಂತು.

ಮಾರಬ.

ಬೇಡಿ! ಮಾರಬೇಡಿ! ನನ್ನ ಮನಸ್ಸು ಆಗಲೇ ಓದಿ ಮುಗಿಸಿತ್ತು. ಮಹದೇವನ ಕಡೆ ನೋಡಿದೆ ಕೂಡ. ಗೆದ್ದವಳ ಹಾಗೆ.

ಮಾರಬಹುದು.

ಮಹದೇವ ಉಸಿರು ಬಿಟ್ಟ ಸದ್ದು ಕೇಳಿಸಿತು. ಇದಕ್ಕಾ ನಾನು ನಾಲ್ಕು ದಿನ ಅಲೆದದ್ದು?

ಬೆರಳು ಮಾತ್ರ ನಿಂತಿರಲಿಲ್ಲ. 'ಮೊದಲು ಪತ್ರ ಓದಿ.'

ಬ್ರೋಕರ್ ಗಡಿಯಾರ ನೋಡಿಕೊಂಡು ಸರಸರನೆ ಓದಿದರು. ಚಕ್ಕುಬಂದಿಗೆ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಗೆ ಬಂದಾಗ ಅಣ್ಣ ಎಡಗೈಯಿಂದ ಸ್ಟೂಲು ತಟ್ಟಿದ. ಮತ್ತೆ ಟೈಪ್ ಮಾಡಿದ. ನಿಧಾನಕ್ಕೆ, ಒಂದೂ ತಪ್ಪಿಲ್ಲದೆ.

'ಪೂರ್ವಕ್ಕೆ ಬಂಡಿದಾರಿ. ಅದನ್ನು ಬರೆದಿಲ್ಲ.'

ತೋಟದ ಪೂರ್ವದ ಅಂಚಿನಲ್ಲಿ ಒಂದು ಬಂಡಿದಾರಿ ಇದೆ. ಆಚೆಗಿನ ನಾಲ್ಕು ಮನೆಯವರು ತಮ್ಮ ಹೊಲಕ್ಕೆ ಹೋಗುವುದು ಅದರಲ್ಲೇ. ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ನಾಳೆ ಕಾಂಪೌಂಡು ಎದ್ದರೆ ಅವರು ಹಾರಿಕೊಂಡು ಹೋಗಬೇಕು. ನಾನು ನೋಡಿರಲಿಲ್ಲ. ಮಹದೇವನೂ ನೋಡಿರಲಿಲ್ಲ. ಜೀವಮಾನವಿಡೀ ಇಂಥ ಪತ್ರ ಹೊಡೆದವನು ನೋಡಿದ.

"ಅದೇನ್ ಚಿಕ್ ವಿಸ್ಯ ಸ್ವಾಮಿ, ಆಮೇಲ್ ಸೇರ್ಸ್ಕಬೋದು" ಅಂದರು ಬ್ರೋಕರ್.

'ಬರೆಯಿರಿ. ಆಮೇಲೆ ಹೆಬ್ಬೆಟ್ಟು.'

ಮಹದೇವ ಅದನ್ನು ಓದಿದ. ಇಂಕ್ ಪ್ಯಾಡಿನ ಮುಚ್ಚಳ ಮುಚ್ಚಿದ. "ಅಣ್ಣ ಹೇಳದು ಸರಿಯಾಗೈತೆ. ಬರ್ಸ್ಕೊಂಡ್ ಬನ್ನಿ" ಅಂದ. ಅಷ್ಟರಲ್ಲಿ ರಾಹುಕಾಲವೂ ಬಂದಿತ್ತು. ಬ್ರೋಕರ್ ಎದ್ದರು. ಮೂರು ದಿನ ಬಿಟ್ಟು ಬಂಡಿದಾರಿ ಬರೆದ ಹೊಸ ಪತ್ರ ತಂದರು. ಅಣ್ಣ ಎರಡು ಸಲ ಓದಿಸಿ ಹೆಬ್ಬೆಟ್ಟು ಒತ್ತಿದ. ತೋಟ ಹೋಯಿತು.

ಆ ಶುಕ್ರವಾರ ಎಲ್ಲರೂ ಹೋದ ಮೇಲೆ ಅಣ್ಣನ ಪಕ್ಕ ಕೂತೆ. ಸಿಟ್ಟಿತ್ತು, ಅಳುವೂ ಇತ್ತು. "ಯಾಕಣ್ಣ? ನಿಂಗೆ ಮನಸ್ಸಿಲ್ಲ ಅಂತ ನಾನು ಎಲ್ಲರ ಹತ್ರ ಹೊಡೆದಾಡಿದೆನಲ್ಲ" ಅಂದೆ.

ಬಹಳ ಹೊತ್ತು ತೆಗೆದುಕೊಂಡು ಅವನು ಹೊಡೆದದ್ದು ಎರಡೇ ಸಾಲು.

'ಜಯಳಿಗೆ ಸೊಪ್ಪು ಹೊತ್ತು ಬೆನ್ನು ಹೋಗಿದೆ. ಕಂಪ್ಯೂಟರ್ ಇಷ್ಟು ದಿನ ಚೆನ್ನಾಗಿಯೇ ಇತ್ತು, ನೀನು ಒಂದು ದಿನವೂ ಕೇಳಲಿಲ್ಲ.'

ಆ ಸಾಲನ್ನು ಇನ್ನೊಮ್ಮೆ ಓದಿದೆ. ಮಹದೇವ ಅಣ್ಣನ ತಲೆಯಾಟದಲ್ಲಿ ತನಗೆ ಬೇಕಾದ್ದನ್ನು ಓದಿದ ಅಂತ ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ನಾನು ಓದಿದ್ದು ಮತ್ತೇನನ್ನು? ಅಡುಗೆಮನೆಯಲ್ಲಿ ಅತ್ತಿಗೆ ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು ಬಗ್ಗಿ ಕೊಡ ಎತ್ತುತ್ತಿದ್ದರು. ಎಷ್ಟು ದಿನದಿಂದ ಹಾಗೆ ಎತ್ತುತ್ತಿದ್ದರೋ, ನಾನು ನೋಡಿದ್ದು ಅಂದೇ.

ನಿಮ್ಮ ಮನೆಯವರಿಗೆಲ್ಲ ಬಾಯಿ ಚೆನ್ನಾಗಿಯೇ ಇದೆ ತಾನೆ? ಹಾಗಾದರೆ ಹೇಳಿ, ನಿಮಗೇನು ಬೇಕು ಅಂತ ಅವರನ್ನು ನೀವು ಕೊನೆಯ ಸಲ ಕೇಳಿದ್ದು ಯಾವಾಗ?