ಉಪ್ಪುಂದದಲ್ಲಿ ಅಮೆರಿಕದ ಕಾರು ನೋಡಲು ಹೋದದ್ದು

ಕೊಕ್ಕರ್ಣೆಯಿಂದ ಬ್ರಹ್ಮಾವರಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಇಬ್ಬರ ಟಿಕೆಟ್ಟನ್ನೂ ಭಾವನೇ ತೆಗೆದರು. ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು.

ನನ್ನ ತಂಗಿ ಗಿರಿಜೆಯ ಗಂಡ ಸುಧಾಕರ ಭಾವ ಮುಂಬೈಯ ಹೋಟೆಲು ಮಾರಿ ಊರಿಗೆ ಬಂದು ವರ್ಷವಾಗುತ್ತ ಬಂದಿತ್ತು. ಉಪ್ಪುಂದದಲ್ಲಿ ಯಾರೋ ದುರಸ್ತಿ ಮಾಡಿ ಮಾರಾಟಕ್ಕಿಟ್ಟ, ಮೇಲಿನ ಬಟ್ಟೆಯ ಮಾಡು ಮಡಚುವ ಹಳೇ ಅಮೆರಿಕನ್ ಕಾರನ್ನು ಕೊಂಡು ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬಿಡುವ ಯೋಚನೆ ಅವರದು. ಉಳಿದ ದುಡ್ಡೆಲ್ಲ ಅದಕ್ಕೇ ಹೋಗುತ್ತದೆಂದು ತಂಗಿಗೆ ನಿದ್ದೆಯಿಲ್ಲ. "ಅಣ್ಣ ಕಂಡ್ಕಂಡ್ ಬಂದ್ ಅಡ್ಡಿಲ್ಲೆ ಅಂದ್ರೆ ಮಾತ್ರ" ಎಂದು ಗಂಡನಿಗೆ ಷರತ್ತು ಹಾಕಿದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, "ಎಂತಾರೂ ಒಂದ್ ಐಬ್ ಹುಡ್ಕ್ ಅಣ್ಣ" ಎಂದಳು.

ಐಬು ಹುಡುಕುವುದನ್ನು ನನಗೆ ಹೇಳಿಕೊಡಬೇಕಾಗಿಲ್ಲ. ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಂಡವನಲ್ಲ ನಾನು. ಹಳೇ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವೊಂದು ಜೇಬಿನಲ್ಲಿತ್ತು. ಕಾರಿನ ತಗಡು ತುಕ್ಕು ಹಿಡಿದು ಹೋಗಿ ಬೇರೇನಾದರೂ ಮೆತ್ತಿ ಬಣ್ಣ ಹೊಡೆದಿದ್ದರೆ ಅದು ಅಲ್ಲಿ ಅಂಟುವುದಿಲ್ಲ.

ಬ್ರಹ್ಮಾವರದಿಂದ ಮುಂದೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಕಿಟಕಿ ತೆರೆದರೆ ಕೆಂಪು ಧೂಳು, ಮುಚ್ಚಿದರೆ ಸೆಕೆ. ಕುಂಭಾಶಿ ಬಂದಾಗ ಭಾವ ಆನೆಗುಡ್ಡೆ ಗಣಪತಿಯ ಕಡೆ ತಿರುಗಿ ಮುಗಿದ ಕೈ ಬೇಗ ಇಳಿಸಲೇ ಇಲ್ಲ. ಇಷ್ಟೊಂದು ಬೇಡಿಕೊಳ್ಳುವಂಥದ್ದು ಏನಿದೆಯಪ್ಪ ಎಂದುಕೊಂಡೆ. ಕುಂದಾಪುರದಲ್ಲಿ ಬಸ್ಸು ಬದಲಿಸುವ ಮೊದಲು ಚಾ ಕುಡಿದೆವು. ನಾನು ಬನ್ಸ್ ತಿಂದೆ. ಸಕ್ಕರೆ ಕಾಯಿಲೆಯ ಭಾವ ಸಪ್ಪೆ ಚಾ ಮಾತ್ರ ಕುಡಿದರು. ಮರವಂತೆಯಲ್ಲಿ ಬಸ್ಸಿನವರೆಲ್ಲ ಕಡಲು ನೋಡುತ್ತಿದ್ದರೆ ಅವರು ತಮ್ಮ ಮುಂಗೈ ತುರಿಸಿಕೊಳ್ಳುತ್ತ ಕೂತಿದ್ದರು. ಸೆಕೆಗೆ ಬೆವರುಸಾಲೆ ಎದ್ದಿರಬೇಕು ಎಂದುಕೊಂಡೆ.

ಉಪ್ಪುಂದದಲ್ಲಿ ಇಳಿದವರೇ ಭಾವ ಯಾರನ್ನೂ ಕೇಳದೆ ಕಡಲ ಕಡೆಯ ಓಣಿ ಹಿಡಿದರು. "ದಾರಿ ಹ್ಯಾಂಗೆ ಗೊತ್ತಾಯ್ತ್?" ಎಂದರೆ, "ಫೋನಂಗೆ ಹೇಳೀರ್" ಎಂದರು.

ಕಾರಿನ ಯಜಮಾನ ವಾಸಣ್ಣ ಫೈಬರ್ ದೋಣಿ ಮಾಡುವವರು. "ಬನಿ, ಬನಿ. ನಿಮ್ದ್ ಯಾವೂರಾಯ್ತ್?" ಎಂದು ಭಾವನನ್ನು ವಿಚಾರಿಸಿದರು. ಅವರ ಹೆಂಡತಿ ಬಾಯಾರಿಕೆಗೆ ಬೆಲ್ಲ, ನೀರು ತಂದರು. ಲೋಟ ಎರಡು, ಬೆಲ್ಲದ ತುಂಡು ಒಂದೇ. ಅದನ್ನು ನನ್ನ ಮುಂದೆ ಹಿಡಿದರು. ಬೆಲ್ಲದಲ್ಲೇ ಹೀಗೆ ಹಿಡಿತ ಮಾಡುವವರು ಕಾರಿನಲ್ಲಿ ಏನೇನು ಉಳಿಸಿರಬಹುದು ಎಂದು ಲೆಕ್ಕ ಹಾಕಿದೆ.

ಚಪ್ಪರದಡಿ ಎರಡು ದೋಣಿಗಳ ನಡುವೆ ಕಾರು ನಿಂತಿತ್ತು. ತಿಳಿನೀಲಿ ಬಣ್ಣ, ಹಾಸಿಗೆಯಷ್ಟು ಅಗಲದ ಸೀಟು. ಚಂದವಿತ್ತು, ಸುಳ್ಳು ಹೇಳಬಾರದು. ಅಯಸ್ಕಾಂತ ಬಾನೆಟ್ಟಿಗೆ ಟಕ್ಕೆಂದು ಅಂಟಿತು, ಮಡ್‌ಗಾರ್ಡಿಗೂ ಅಂಟಿತು. ಎಡಗಡೆಯ ಬಾಗಿಲಿಗೆ ಇಟ್ಟೆ, ಜಾರಿ ಮರಳಿಗೆ ಬಿತ್ತು. ಇನ್ನೊಮ್ಮೆ ಇಟ್ಟೆ, ಮತ್ತೆ ಬಿತ್ತು. ನನಗೆ ಹಬ್ಬವಾಯಿತು.

"ಇದ್ ಕಾರಲ್ಲ ಭಾವ, ದೋಣಿ! ಒಂದ್ ಹುಟ್ಟ್ ಕೊಟ್ರೆ ಕಡ್ಲಿಗೆ ಹೋಪುಕಾತ್ತ್" ಎಂದು ಬಾಗಿಲನ್ನು ಬಡಬಡ ಕುಟ್ಟಿದೆ. ಭಾವನ ಮುಖ ಸಣ್ಣಗಾಯಿತು.

ವಾಸಣ್ಣ ಅಲುಗಲಿಲ್ಲ. "ಹೌದ್, ಫೈಬರೇ. ಈ ಉಪ್ಪು ಗಾಳಿಗೆ ತಗ್ಡ್ ನಿಲ್ಲತ್ತಾ ಮಾರಾಯ್ರೆ?"

"ಮಾಡ್ ಹರಕಲ್ ಇತ್ತಲೆ. ಮಳಿ ಬಂದ್ರೆ?" ಎಂದೆ.

"ಆಸಾಡಿಯಂಗೆ ಯಾರ್ ಮದಿ ಮಾಡ್ತ್ರ್?"

ಭಾವ ಹೆದ್ದಾರಿಯವರೆಗೆ ಕಾರು ಓಡಿಸಿದರು. ಗೇರು ಒಂದೆಡೆ ಕಚ್ಚುತ್ತದೆಂದು ವಾಸಣ್ಣ ಹೇಳುವ ಮೊದಲೇ ಅದನ್ನು ಮೇಲೆತ್ತಿ ಹಾಕಿದರು. ಮುಂಬೈಯ ಅಭ್ಯಾಸ ಎಂದುಕೊಂಡೆ.

ವಾಪಸು ಬಸ್ಸು ಹೆಮ್ಮಾಡಿ ದಾಟುವಾಗ ಬಾಯಾರಿತು. ನೀರಿನ ನೆನಪಿಗೆ ಬೆಲ್ಲದ ನೆನಪು ಬಂತು, ಆ ಒಂದೇ ತುಂಡು ಬಂತು.

"ಭಾವ, ನಿಮ್ಗೆ ಸಕ್ರಿ ಕಾಯ್ಲೆ ಇತ್ತಂದ್ ವಾಸಣ್ಣನ ಹೆಂಡ್ತಿಗೆ ಹೇಳದ್ ಯಾರ್?"

ತುರಿಸುತ್ತಿದ್ದ ಕೈ ನಿಂತಿತು. "ಆ ಬಾಗ್ಲ್ ನಾನೇ ಮಾಡದ್" ಎಂದರು ಭಾವ. ರಕ್ತ ಪರೀಕ್ಷೆಗೆಂದು ಕುಂದಾಪುರಕ್ಕೆ ಹೊರಟವರು ತಿಂಗಳುಗಟ್ಟಲೆ ಉಪ್ಪುಂದಕ್ಕೆ ಹೋಗಿ ವಾಸಣ್ಣನ ಜೊತೆ ಕೆಲಸ ಮಾಡುತ್ತಿದ್ದರಂತೆ. ಮೈಗೆಲ್ಲ ಫೈಬರ್ ಚುಚ್ಚಿ ತುರಿಕೆಯಂತೆ. "ಮನ್ಯಂಗೆ ಕೂಕಂಡ್ ಕೂಕಂಡ್ ಸಾಕಾಯ್ತ್. ಸುರೂವಿಗೆ ಮಾಡದ್ ಬಾಗ್ಲ್ ಹಾಳಾಯ್ತ್, ಕಿತ್ತ್ ಮತ್ತೆ ಮಾಡ್ದೆ. ಗಿರಿಜೆಗೆ ಹೇಳುಕೆ ಧೈರ್ಯ ಇಲ್ಲೆ."

ನನಗೆ ಸಿಟ್ಟು ಬಂತು. ದಿನವಿಡೀ ನನ್ನನ್ನು ಮಂಗ ಮಾಡಿದ್ದರು. ಆದರೆ ಅವರ ಮುಂದೆಯೇ ಆ ಬಾಗಿಲನ್ನು ಕುಟ್ಟಿ ನಕ್ಕದ್ದು ನೆನಪಾಗಿ, ಬೈಯಲು ಬಾಯಿ ಬರಲಿಲ್ಲ. ಬ್ರಹ್ಮಾವರದಲ್ಲಿ ಕೊಕ್ಕರ್ಣೆಯ ಬಸ್ಸು ಹತ್ತಿ ಇಬ್ಬರ ಟಿಕೆಟ್ಟನ್ನೂ ನಾನೇ ತೆಗೆದೆ.

ಮನೆ ತಲುಪಿದಾಗ ತಂಗಿ ಜಗಲಿಯಲ್ಲೇ ಇದ್ದಳು. "ಐಬ್ ಸಿಕ್ತಾ ಅಣ್ಣ?"

"ಸಿಕ್ತ್. ಒಂದ್ ಬಾಗ್ಲ್ ಫೈಬರ್."

ಚಪ್ಪಲಿ ಬಿಡಲು ಬಗ್ಗಿದ ಭಾವ ಬಗ್ಗಿಯೇ ಇದ್ದರು.

"ಆರೆ ಕೆಲ್ಸ ಬಾರೀ ಗಟ್ಟಿ. ನಾ ಕುಟ್ಟಿ ಕಂಡಿದೆ."

"ಮಾಡದ್ ಯಾರಂಬ್ರ್?"

"ಅದ್ನ್ ಭಾವನ ಬಾಯಂಗೇ ಕೇಣ್" ಎಂದು ಹೇಳಿ, ಕಾಲು ತೊಳೆಯಲು ಬಾವಿಕಟ್ಟೆಯ ಕಡೆ ನಡೆದೆ.